ಫಕ್ಕೀರವ್ವ ಕೋಂ ಕಲ್ಲಪ್ಪ

ನಮ್ಮ ಮನೆತನದ ಗಂಡಸರ ಹೆಸರು ಎಂಟು ತಲೆಮಾರಿನ ತನಕ ಸಿಗುತ್ತದೆ. ಹೆಂಗಸರ ಹೆಸರು ಅಜ್ಜಿಗೇ ನಿಂತುಬಿಡುತ್ತದೆ. ಅಜ್ಜನ ಅವ್ವ ಯಾರು, ಯಾವ ಊರಿನವಳು, ಯಾವಾಗ ತೀರಿಕೊಂಡಳು ಅಂತ ಅಪ್ಪನನ್ನು ಕೇಳಿದ್ದೆ, ಇಬ್ಬರು ಅತ್ತೆಯಂದಿರನ್ನು ಕೇಳಿದ್ದೆ, ಊರಲ್ಲಿ ಹೊಲ ನೋಡಿಕೊಂಡಿರುವ ಕಾಕಾನನ್ನೂ ಕೇಳಿದ್ದೆ. ಎಲ್ಲರದೂ ಒಂದೇ ಉತ್ತರ. "ದೊಡ್ಡ ಜಡ್ಡಿನಾಗ ಗಂಡಾ ಹೆಂಡ್ತಿ ಇಬ್ಬರೂ ಹೋದ್ರಂತ." ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಜ್ಜನನ್ನೇ ಕೇಳಿದ್ದು ನೆನಪಿದೆ. "ಅವ್ವ ಅಂದ್ರ ಅವ್ವ" ಅಂದು ಎದ್ದು ದನದ ಕಡೆ ಹೋಗಿದ್ದ.

ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನಾ ಬೇರೆಯವರ ಹೊಲದ ಉತಾರ (ಪಹಣಿ), ವಾಟ್ನಿ (ಪಾಲು) ಪತ್ರ, ವಾರಸಾ (ಉತ್ತರಾಧಿಕಾರದ) ಕಾಗದ ಓದುವುದೇ ನನ್ನ ಕೆಲಸ. ಯಾರ ಹೊಲ ಯಾರಿಗೆ ಹೇಗೆ ಬಂತು ಅಂತ ಒಂದೊಂದೇ ಕೊಂಡಿ ಹಿಡಿದು ಹಿಂದಕ್ಕೆ ಹೋಗಬೇಕು. ಆ ಕೆಲಸವನ್ನೇ ನಮ್ಮ ಮನೆಗೂ ಮಾಡಿದರೆ ಅಜ್ಜನ ಅವ್ವ ಸಿಕ್ಕಾಳು ಅನ್ನಿಸಿತು. ನಮ್ಮದು ಗದಗ ತಾಲೂಕಿನ ಎರೆಭೂಮಿಯ ಒಂದು ಹಳ್ಳಿ. ಒಕ್ಕಲುತನದ ಲಿಂಗಾಯತ ಮನೆ. ದೇಸಗತಿ, ವತನ, ಇನಾಮು ಅಂತ ಸರ್ಕಾರ ಬಿಟ್ಟುಕೊಟ್ಟ ಹಕ್ಕು, ಭೂಮಿ ಯಾವುದೂ ಇರಲಿಲ್ಲ. ವತನದಾರರ ಮನೆಯಾಗಿದ್ದರೆ ಕೆಲಸ ಸುಲಭ. ಅಂಥ ಹಕ್ಕುಗಳನ್ನು ಬ್ರಿಟಿಷರು ತನಿಖೆ ಮಾಡಿದ ಇನಾಮ್ ಕಮಿಷನ್ನಿನ ಕಾಲದಲ್ಲಿ, ಅಂದರೆ 1850ರ ದಶಕದಲ್ಲಿ, ಅಂಥ ಮನೆಗಳು ತಮ್ಮ ಹಕ್ಕು ತೋರಿಸಲಿಕ್ಕೆ ವಂಶಾವಳಿ ಬರೆದುಕೊಡಬೇಕಾಗಿತ್ತು. ಸಾಮಾನ್ಯ ಒಕ್ಕಲಿಗನ ವಂಶಾವಳಿಯನ್ನು ಯಾವ ಸರ್ಕಾರವೂ ಕೇಳಲಿಲ್ಲ.

ಕೇಳಿದವರು ಹೆಳವರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಇವರನ್ನು ಹೇಳಿಕೊಡಬೇಕಿಲ್ಲ. ಸುಗ್ಗಿ ಮುಗಿದ ಮೇಲೆ, ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ಮನೆ ಮುಂದೆ ನಿಂತು ಮನೆತನದ ಹೆಸರುಗಳನ್ನು ಹೇಳುವವರು. ಒಂದೊಂದು ಹೆಳವರ ಮನೆಗೆ ಇಂತಿಂಥ ಒಕ್ಕಲು ಅಂತ ಹಂಚಿಕೆ ಇರುತ್ತದೆ. ಮೂಲ ಊರು ಯಾವುದು, ಬೆಡಗು (ಕುಲದ ಕವಲು) ಯಾವುದು, ಮನೆದೇವರು ಯಾರು, ಯಾವ ಬರದಲ್ಲಿ ಊರು ಬಿಟ್ಟರು, ಯಾರ ಹೊಟ್ಟೆಯಲ್ಲಿ ಎಷ್ಟು ಗಂಡು ಮಕ್ಕಳು, ಎಲ್ಲವೂ ಅವರ ಪುಸ್ತಕದಲ್ಲಿ. ಹೇಳಿದ್ದಕ್ಕೆ ಜೋಳ, ಬಟ್ಟೆ, ರೊಕ್ಕ, ಅನುಕೂಲವಿದ್ದವರು ಒಂದು ಕರು ಕೊಡುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ನಮ್ಮ ಹೆಳವರು ಈಗ ಎತ್ತಿನ ಬದಲು ಮೋಟರ್ ಸೈಕಲ್ಲಿನ ಮೇಲೆ ಬರುತ್ತಾರೆ. ಪುಸ್ತಕ ಮಾತ್ರ ಅದೇ ಕೆಂಪು ಬಟ್ಟೆಯ ಗಂಟಿನಲ್ಲಿದೆ.

ಅವರು ಬಂದಾಗ ನಾನು ರಜೆ ಹಾಕಿ ಊರಿಗೆ ಹೋದೆ. ಕಾಕಾನ ಮನೆ ಕಟ್ಟೆಯ ಮೇಲೆ ಕೂತು ಅವರು ಓದಿದ್ದನ್ನು ಬರೆದುಕೊಂಡೆ. ಬಸಪ್ಪನ ಮಗ ಕಲ್ಲಪ್ಪ, ಕಲ್ಲಪ್ಪನ ಮಗ ಬಸಪ್ಪ, ಮತ್ತೆ ಬಸಪ್ಪನ ಮಗ ಕಲ್ಲಪ್ಪ. ನಮ್ಮ ಕಡೆ ಒಬ್ಬ ಮಗನಿಗೆ ಅಜ್ಜನ ಹೆಸರು ಇಡುವುದು ವಾಡಿಕೆ. ಅದಕ್ಕೇ ಎರಡೇ ಹೆಸರು ಸರದಿಯಂತೆ ಬರುತ್ತಾ ಹೋಗುತ್ತವೆ. ಯಾವ ಕಲ್ಲಪ್ಪ ಯಾವ ಕಲ್ಲಪ್ಪ ಅಂತ ತಿಳಿಯಬೇಕಾದರೆ ಜೊತೆಗಿರುವ ಅಣ್ಣ ತಮ್ಮಂದಿರ ಹೆಸರು ನೋಡಬೇಕು. ನನ್ನ ಮುತ್ತಜ್ಜ ಕಲ್ಲಪ್ಪನಿಗೆ ಒಬ್ಬ ಅಣ್ಣ ಇದ್ದ, ಇಬ್ಬರು ಗಂಡು ಮಕ್ಕಳಿದ್ದರು. ದೊಡ್ಡವನು ನನ್ನ ಅಜ್ಜ ಬಸಪ್ಪ. "ಕಲ್ಲಪ್ಪನ ಹೆಂಡತಿ?" ಅಂತ ಕೇಳಿದೆ. ಹೆಳವರು ಹಾಳೆ ತಿರುಗಿಸಲೂ ಇಲ್ಲ. "ಹೆಣ್ಮಕ್ಕಳದು ಬರಿಯೂ ಪದ್ಧತಿ ಇಲ್ರೀ ಅಕ್ಕಾರ" ಅಂದರು.

ಬೇರೆ ಜಾತಿಯವರಿಗೆ ಬೇರೆ ದಾರಿಗಳಿವೆ. ನನ್ನ ಸಹೋದ್ಯೋಗಿಯೊಬ್ಬರು ತಂದೆಯ ಕಾರ್ಯಕ್ಕೆ ಗಯಾಕ್ಕೆ ಹೋದಾಗ ಅಲ್ಲಿನ ಪುರೋಹಿತ ಪಂಡಾ, ಇವರ ಅಜ್ಜ ಬಂದಿದ್ದನ್ನು ಪುಸ್ತಕದಲ್ಲಿ ತೆಗೆದು ತೋರಿಸಿದರಂತೆ, ಅಜ್ಜನ ಸಹಿ ಸಮೇತ. ಹರಿದ್ವಾರದ ಪಂಡಾಗಳ ಬಹಿಗಳನ್ನಂತೂ ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆ ಮೈಕ್ರೋಫಿಲ್ಮ್ ಮಾಡಿಟ್ಟಿದೆ. ನಮ್ಮಲ್ಲಿ ಪಿಂಡವಿಲ್ಲ, ಅಸ್ಥಿ ಬಿಡುವುದಿಲ್ಲ. ಸತ್ತವರನ್ನು ನಮ್ಮದೇ ಹೊಲದಲ್ಲಿ ಹುಗಿಯುತ್ತೇವೆ. ಹಾಗಾಗಿ ಆ ಬಾಗಿಲು ನಮಗಿಲ್ಲ. ಹೊಲದಲ್ಲಿ ಮುತ್ತಜ್ಜನದು ಅಂತ ಒಂದು ಗದ್ದಿಗೆ ಇದೆ. ಅದರ ಪಕ್ಕದಲ್ಲಿ ಇನ್ನೊಂದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಜಡ್ಡಿನಲ್ಲಿ ಹೋಗಿದ್ದರೆ ಎರಡಿರಬೇಕಿತ್ತು ಅಲ್ವಾ? ಮೊದಲ ಅನುಮಾನ ಬಂದದ್ದು ಅಲ್ಲಿ.

ಜನಗಣತಿಯಲ್ಲಿ ಹುಡುಕಬಹುದಲ್ಲ ಅಂತ ಮಗಳು ಕೇಳಿದಳು. ಇಂಗ್ಲೆಂಡಿನಲ್ಲಿ ನೂರು ವರ್ಷ ಆದ ಮೇಲೆ ಮನೆಮನೆಯ ಪಟ್ಟಿಯನ್ನು ಜನರಿಗೆ ತೋರಿಸುತ್ತಾರೆ, ನಿಜ. ನಮ್ಮಲ್ಲಿ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ಬಗ್ಗೆ ಬರೆದುಕೊಂಡದ್ದನ್ನು ಯಾರೂ ನೋಡುವ ಹಾಗಿಲ್ಲ. ನಮಗೆ ಸಿಗುವುದು ಊರಿನ ಒಟ್ಟು ಲೆಕ್ಕ ಮಾತ್ರ. ಅದರಲ್ಲಿ ಹೆಸರಿರುವುದಿಲ್ಲ.

ಹೆಸರಿರುವುದು ಮರಣದ ರಿಜಿಸ್ಟರಿನಲ್ಲಿ. ಮುಂಬೈ ಇಲಾಖೆಯ ಕಾಲದಲ್ಲಿ ಹಳ್ಳಿಯ ಅಧಿಕಾರಿಗಳೇ ಹುಟ್ಟು ಸಾವು ಬರೆಯುತ್ತಿದ್ದರು. ನಮ್ಮೂರಿನ ಆ ಕಾಲದ ಪುಸ್ತಕ ಪೂರ್ತಿ ಉಳಿದಿಲ್ಲ. ಉಳಿದ ಹಾಳೆಗಳಿಗೂ ಗೆದ್ದಲು ಹತ್ತಿದೆ. ಆದರೆ 1918ರ ಅಕ್ಟೋಬರ್, ನವೆಂಬರ್ ಹಾಳೆಗಳು ಇದ್ದವು. ಅವನ್ನು ಓದುವಾಗ ಕೈ ನಡುಗಿತು. ಬೇರೆ ತಿಂಗಳುಗಳಲ್ಲಿ ಹಾಳೆ ತುಂಬುವುದೇ ಇಲ್ಲ. ಆ ಎರಡು ತಿಂಗಳಲ್ಲಿ ಹಾಳೆಯ ಮೇಲೆ ಹಾಳೆ. ಕಾರಣದ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ "ಜ್ವರ", "ಜ್ವರ", ಆಮೇಲೆ ಬರೆಯುವವರಿಗೂ ಸಾಕಾಗಿ ಬರೀ ಚುಕ್ಕೆ. ಆ ಇನ್‌ಫ್ಲುಯೆಂಜಾದಲ್ಲಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು ಅಂತ ಪುಸ್ತಕದಲ್ಲಿ ಓದಿದ್ದೆ. ನಮ್ಮ ಓಣಿಯ ಮನೆತನಗಳ ಹೆಸರು ಸಾಲಾಗಿ ನೋಡಿದಾಗ ಅದರ ಅರ್ಥ ಆಯಿತು. ಮುತ್ತಜ್ಜ ಕಲ್ಲಪ್ಪ ಇದ್ದ. ವಯಸ್ಸು 33. ಮುಂದಿನ ಹಾಳೆಗಳನ್ನೆಲ್ಲ ನೋಡಿದೆ. ಅವನ ಹೆಂಡತಿ ಇರಲಿಲ್ಲ.

ಇಲ್ಲಿ ಸಂವತ್ಸರದ ಬಗ್ಗೆ ಒಂದು ಮಾತು ಹೇಳಬೇಕು. ಹಿರಿಯರು ವರ್ಷವನ್ನು ಇಸವಿಯಲ್ಲಿ ಹೇಳುವುದಿಲ್ಲ. ನಮ್ಮ ದೊಡ್ಡತ್ತೆ "ಕಾಳಯುಕ್ತಿಯೊಳಗ ಮುತ್ತ್ಯಾ ಹೋದ" ಅನ್ನುತ್ತಿದ್ದಳು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಳಯುಕ್ತಿ 1918ರಲ್ಲಿ ಬಂದಿತ್ತು, ಅದಕ್ಕೂ ಹಿಂದೆ 1858ರಲ್ಲೂ ಬಂದಿತ್ತು. ಅದು ನರಗುಂದದ ಬಾಬಾಸಾಹೇಬರ ಬಂಡಾಯದ ವರ್ಷ. ಹೆಳವರ ಪುಸ್ತಕದಲ್ಲೂ ಎಷ್ಟೋ ಕಡೆ ಸಂವತ್ಸರ ಮಾತ್ರ ಇದೆ. ಅಂಥ ಕಡೆ ಒಂದು ಬರವನ್ನೋ, ಜಡ್ಡನ್ನೋ, ಗಲಾಟೆಯನ್ನೋ ಗೂಟ ಮಾಡಿಕೊಂಡರೆ ಇಸವಿ ಸಿಗುತ್ತದೆ. ನಮ್ಮವರು ಬಾದಾಮಿ ಕಡೆಯಿಂದ ಈ ಊರಿಗೆ ಬಂದದ್ದು "ಧಾತು ಈಶ್ವರದ ಬರದಾಗ" ಅಂತ ಪುಸ್ತಕ ಹೇಳುತ್ತದೆ. ಧಾತು, ಈಶ್ವರ ಅಂದರೆ 1876 ಮತ್ತು 1877. ಆ ದೊಡ್ಡ ಬರದಲ್ಲಿ ಊರಿಗೆ ಊರೇ ಎದ್ದು ಹೋಗಿದ್ದವು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯಲ್ಲಿ ಸುಮಾರು ಒಂದು ಲಕ್ಷ ಜನ ಕಡಿಮೆಯಾಗಿದ್ದರು. ಗದಗ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಮುತ್ತಜ್ಜ ಸತ್ತ ಮೇಲೆ ಅವನ ಹೊಲ ಯಾರ ಹೆಸರಿಗೆ ಹೋಯಿತು? ಇದು ನನಗೆ ಗೊತ್ತಿರುವ ಕೆಲಸ. ಖಾತೆದಾರ ಸತ್ತರೆ ತಲಾಟಿಗೆ (ಹಳ್ಳಿಯ ಲೆಕ್ಕಿಗನಿಗೆ) ವರ್ದಿ ಕೊಡಬೇಕು. ತಲಾಟಿ ಡೈರಿಯಲ್ಲಿ ಬರೆಯಬೇಕು. ಮೇಲಿನ ಅಧಿಕಾರಿ ಬಂದು ಖಾತ್ರಿ ಮಾಡಿ ಸಹಿ ಹಾಕಬೇಕು. ಮುಂಬೈ ಕರ್ನಾಟಕದ ಜಿಲ್ಲೆಗಳಲ್ಲಿ ಹಕ್ಕು ದಾಖಲೆಯ ಪದ್ಧತಿ 20ನೇ ಶತಮಾನದ ಮೊದಲ ಭಾಗದಲ್ಲೇ ಬಂತು. ಕಂಪ್ಯೂಟರ್ ಉತಾರದಲ್ಲಿ ಇದೆಲ್ಲ ಸಿಗುವುದಿಲ್ಲ. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹಾಕಿದ್ದು ಆ ಹೊತ್ತಿಗೆ ಇದ್ದ ಹಕ್ಕುದಾರರನ್ನು. ಹಿಂದಿನದು ಬೇಕೆಂದರೆ ಕೈಬರಹದ ಪುಸ್ತಕವೇ ಗತಿ. ಈಗ ತಾಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಶುರುವಾಗಿದೆ. ಪುಡಿಯಾಗುವ ಮುಂಚೆ ಎಲ್ಲ ಪುಸ್ತಕಗಳೂ ಅದರೊಳಗೆ ಬರಲಿ ಅಂತ ನನ್ನ ದೊಡ್ಡ ಆಸೆ.

ಹುಡುಕುವವರಿಗೆ ಒಂದು ಮಾತು. ಇಂದಿನ ಉತಾರದ ಸರ್ವೆ ನಂಬರ್ ಹಿಡಿದುಕೊಂಡು ನೇರ 1918ಕ್ಕೆ ಜಿಗಿಯಬೇಡಿ. ನಡುವೆ ಹೊಲ ಹಿಸ್ಸೆಯಾಗಿರುತ್ತದೆ, ನಂಬರಿಗೆ ಬಾಲ ಬೆಳೆದಿರುತ್ತದೆ. ಪ್ರತಿ ಉತಾರದ ಮೇಲೂ ಅದು ಯಾವ ಡೈರಿ ನಂಬರಿನಿಂದ ಬಂತು ಅಂತ ಸಣ್ಣಗೆ ಬರೆದಿರುತ್ತದೆ. ಆ ನಂಬರ್ ಹಿಡಿದು ಹಿಂದಿನ ಎಂಟ್ರಿ, ಅದರಲ್ಲಿರುವ ನಂಬರ್ ಹಿಡಿದು ಅದರ ಹಿಂದಿನದು. ನಿಧಾನದ ದಾರಿ, ಆದರೆ ತಪ್ಪುವುದಿಲ್ಲ. ಒಂದೇ ಊರಿನಲ್ಲಿ ಮೂರು ಜನ ಕಲ್ಲಪ್ಪ ಇದ್ದಾಗ ಇದೊಂದೇ ನಂಬುವಂಥ ದಾರಿ.

ಹಾಗೆ ಹೋಗಿ ಹೋಗಿ 1919ರ ಒಂದು ವಾರಸಾ ಎಂಟ್ರಿ ಸಿಕ್ಕಿತು. ಕಲ್ಲಪ್ಪ ಮಯತ (ಮೃತ) ಆದ್ದರಿಂದ ಅವನ ಹೆಸರು ಕಮಿ ಮಾಡಿ ಮಕ್ಕಳಾದ ಬಸಪ್ಪ ಮತ್ತು ಅವನ ತಮ್ಮನ ಹೆಸರು ದಾಖಲು ಮಾಡಿದೆ. ಇಬ್ಬರೂ ಮೈನರ್. ಕೆಳಗೆ ಒಂದು ಸಾಲು: "ಪಾಲಕಿ ತಾಯಿ ಫಕ್ಕೀರವ್ವ ಕೋಂ ಕಲ್ಲಪ್ಪ." ಕೋಂ ಅಂದರೆ ಇಂಥವನ ಹೆಂಡತಿ.

ನಾನು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟೆ. ಪುಸ್ತಕ ತೆಗೆದುಕೊಟ್ಟ ಹಿರಿಯ ಸಿಬ್ಬಂದಿ "ಏನಾತ್ರೀ ಮೇಡಂ" ಅಂತ ನೀರು ತಂದುಕೊಟ್ಟರು. ಗಂಡನ ಜೊತೆ ಸತ್ತಳು ಅಂತ ನಮ್ಮ ಮನೆಯಲ್ಲಿ ಇಷ್ಟು ವರ್ಷ ಹೇಳಿಕೊಂಡು ಬಂದ ಹೆಂಗಸು, ಮರುವರ್ಷ ತನ್ನ ಮಕ್ಕಳ ಹೊಲವನ್ನು ಅವರ ಹೆಸರಿಗೆ ಹಚ್ಚಿಸಿದ್ದಳು.

ಫಕ್ಕೀರವ್ವ ಅನ್ನುವ ಹೆಸರು ನಮ್ಮೂರಿನಲ್ಲಿ ಅಷ್ಟಾಗಿ ಇಲ್ಲ. ನಮ್ಮ ಕಡೆಯ ಹೆಸರುಗಳಿಗೆ ಒಂದು ಊರು ಇರುತ್ತದೆ. ಗವಿಸಿದ್ಧಪ್ಪ ಅಂದರೆ ಕೊಪ್ಪಳದ ಕಡೆ. ಕೊಟ್ರಪ್ಪ, ಕೊಟ್ರವ್ವ ಅಂದರೆ ಕೊಟ್ಟೂರಿನ ಭಕ್ತರು. ಬನಶಂಕರೆವ್ವ ಬಾದಾಮಿ ಕಡೆಯವಳು. ಉಳವಪ್ಪ ಅಂದರೆ ಉಳವಿ ಚನ್ನಬಸವಣ್ಣನಿಗೆ ನಡೆದುಕೊಳ್ಳುವ ಮನೆ. ಹಾಗೆಯೇ ಫಕ್ಕೀರಪ್ಪ, ಫಕ್ಕೀರವ್ವ ಅಂದರೆ ಶಿರಹಟ್ಟಿಯ ಫಕ್ಕೀರೇಶ್ವರ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮಠ ಅದು. ಹೆಸರೊಂದೇ ಪುರಾವೆ ಆಗುವುದಿಲ್ಲ. ಹರಕೆ ಹೊತ್ತು ದೂರದವರೂ ಇಡುತ್ತಾರೆ. ಆದರೆ ಯಾವ ದಿಕ್ಕಿಗೆ ಮುಖ ಮಾಡಬೇಕು ಅಂತ ಅದು ಹೇಳುತ್ತದೆ. ಅವಳ ತವರು ಶಿರಹಟ್ಟಿ ಕಡೆ ಇರಬಹುದು ಅಂತ ನಾನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ.

ಶಿರಹಟ್ಟಿ ಗದಗಿನಿಂದ ಬಸ್ಸಿನಲ್ಲಿ ಒಂದು ತಾಸಿನೊಳಗಿನ ದಾರಿ. ಆದರೆ 1919ರಲ್ಲಿ ಅದು ಬೇರೆ ರಾಜ್ಯ. ಗದಗ ಬ್ರಿಟಿಷರದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಅದರಾಚೆ ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಈ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ಸೇರಿದ್ದು 1948ರಲ್ಲಿ. ಜನಕ್ಕೆ ಈ ಗಡಿ ಯಾವತ್ತೂ ಲೆಕ್ಕಕ್ಕಿರಲಿಲ್ಲ. ಹೆಣ್ಣು ಕೊಡುವುದು ತರುವುದು ನಡೆದೇ ಇತ್ತು. ಆದರೆ ಕಾಗದಕ್ಕೆ ಗಡಿ ಉಂಟು. ಮದುವೆಯಾಗಿ ಆರು ಹರದಾರಿ ಆಚೆ ಹೋದ ಹೆಣ್ಣಿನ ಕಾಗದ ಬೇರೆ ದರ್ಬಾರಿನಲ್ಲಿ, ಎಷ್ಟೋ ಸಲ ಬೇರೆ ಭಾಷೆಯಲ್ಲಿ, ಹಳೆಯದಾದರೆ ಮರಾಠಿಯ ಹಳೇ ಕೂಡುಬರಹವಾದ ಮೋಡಿ ಲಿಪಿಯಲ್ಲಿ ಇರುತ್ತದೆ. ನಮ್ಮ ಕಡೆ ಹೆಂಗಸರು ದಾಖಲೆಯಿಂದ ಕಾಣೆಯಾಗಲಿಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ನನಗೆ ಮುಂದಿನ ದಾರಿ ತೋರಿಸಿದ್ದು ಸಾಲ. ಬ್ಯಾಂಕಿನವಳಿಗೆ ಸಾಲವೇ ನೆನಪಾಗಬೇಕು. 1918ರಲ್ಲಿ ಜಡ್ಡು ಮಾತ್ರ ಅಲ್ಲ, ಮಳೆಯೂ ಕೈಕೊಟ್ಟಿತ್ತು. ಗಂಡ ಇಲ್ಲ, ಎರಡು ಸಣ್ಣ ಮಕ್ಕಳು, ಕಣಜದಲ್ಲಿ ಕಾಳಿಲ್ಲ, ಜೂನ್ ಬಂದರೆ ಬಿತ್ತಬೇಕು. ಆಕೆ ಸಾಲ ಮಾಡಿರಲೇಬೇಕು. ಸಾಲ ಮಾಡಿದ್ದರೆ ಹೊಲ ಗಹಾಣ (ಒತ್ತೆ) ಇಟ್ಟಿರಬೇಕು. ನೂರು ರೂಪಾಯಿಗೆ ಮೇಲ್ಪಟ್ಟ ಗಹಾಣ ಆದರೆ ನೋಂದಣಿ ಆಗಿರಲೇಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಎರಡು ಇಂಡೆಕ್ಸ್ ಇರುತ್ತವೆ. ಒಂದು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಮೇಲೆ. ಇನ್ನೊಂದು ಆಸ್ತಿಯ ಮೇಲೆ. ಅಜ್ಜನ ಹೆಸರಿನಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ, ಆತ ಆಗ ಏಳು ವರ್ಷದ ಹುಡುಗ. ನಾನು ಹುಡುಕಿದ್ದು ಊರು ಮತ್ತು ಸರ್ವೆ ನಂಬರಿನ ಮೇಲೆ. 1919ರ ಮೇ ತಿಂಗಳಲ್ಲಿ ಒಂದು ದಸ್ತಾವೇಜು ಇತ್ತು.

ನೋಂದಣಿ ಪುಸ್ತಕದಲ್ಲಿರುವುದು ನಕಲು. ಮೂಲ ಕಾಗದ ಸಾಲ ಕೊಟ್ಟವನ ಹತ್ತಿರ ಇರುತ್ತದೆ, ಸಾಲ ತೀರಿದ ಮೇಲೆ ವಾಪಸ್ ಬರುತ್ತದೆ. ಹೊಲ ಇನ್ನೂ ನಮ್ಮದೇ ಆಗಿದೆ ಅಂದರೆ ಸಾಲ ತೀರಿದೆ. ಸಾಲ ತೀರಿದೆ ಅಂದರೆ ಕಾಗದ ಮನೆಯಲ್ಲಿರಬೇಕು. ಕಾಕಾಗೆ ಫೋನ್ ಮಾಡಿ ಅಟ್ಟದ ಮೇಲಿನ ಟ್ರಂಕು ಇಳಿಸಲು ಹೇಳಿದೆ. ಅದರೊಳಗೆ ಅಜ್ಜನ ಪಟಗ, ಹಳೆಯ ಕಂದಾಯ ಪಾವತಿಗಳು, ಎತ್ತಿನ ಸಂತೆಯ ಚೀಟಿಗಳು. ಎಲ್ಲದರ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಒಂದು ಛಾಪಾ ಕಾಗದ.

ಮೇಲೆ ಐದನೇ ಜಾರ್ಜನ ತಲೆ. ಸಿದ್ಧಾರ್ಥಿ ಸಂವತ್ಸರ, ವೈಶಾಖ ಮಾಸ. ಮಡಿಕೆಯ ಗೆರೆಗಳಲ್ಲಿ ಕಾಗದ ಹರಿದು, ಯಾರೋ ಹಿಂದಿನಿಂದ ಸಣ್ಣ ಪಟ್ಟಿ ಹಚ್ಚಿದ್ದಾರೆ. ಅಕ್ಷರ ಕನ್ನಡ, ಆದರೆ ಒಂದಕ್ಕೊಂದು ಹೆಣೆದುಕೊಂಡ ಹಳೇ ದಫ್ತರದ ಅಕ್ಷರ. ಮೈನರ್ ಮಕ್ಕಳ ಹೊಟ್ಟೆಯ ಸಲುವಾಗಿ, ಬಿತ್ತಿಗೆಯ ಬೀಜಕ್ಕೆ, ಎತ್ತಿನ ಮೇವಿಗೆ ಬೇಕಾಗಿ ನೂರಾ ಐವತ್ತು ರೂಪಾಯಿ ತೆಗೆದುಕೊಂಡಿದ್ದೇನೆ ಅಂತ ಬರೆದಿದೆ. ಪಾಲಕರು ಮೈನರ್ ಆಸ್ತಿ ಒತ್ತೆ ಇಟ್ಟರೆ ಅಗತ್ಯ ಏನಿತ್ತು ಅಂತ ತೋರಿಸಬೇಕಾಗುತ್ತದೆ. ಅದಕ್ಕಾಗಿ ಬರೆಯುವವರು ಹಾಕುವ ಮಾತು ಇದು, ಇಂಥವನ್ನು ಎಷ್ಟೋ ಓದಿದ್ದೇನೆ. ಆದರೆ ಎತ್ತಿನ ಮೇವು ಅನ್ನುವುದನ್ನು ಬರೆಯುವವನು ತಾನಾಗಿ ಹಾಕಿರಲಾರ. ಅದು ಅವಳೇ ಹೇಳಿದ್ದು ಅಂತ ನನಗೆ ಅನ್ನಿಸುತ್ತದೆ.

ಕೆಳಗೆ ಸಹಿಯ ಜಾಗದಲ್ಲಿ ಒಂದು ಸಣ್ಣ ದುಂಡು ಗೆರೆ. ಓದು ಬರಹ ಬಾರದ ಒಕ್ಕಲಿಗ ಗಂಡಸರು ಆಗ ನೇಗಿಲಿನ ಗುರುತು ಹಾಕುತ್ತಿದ್ದರು, ಹೆಂಗಸರು ಬಳೆಯ ಗುರುತು. ಪಕ್ಕದಲ್ಲಿ ಬರೆದವನ ಅಕ್ಷರದಲ್ಲಿ "ಫಕ್ಕೀರವ್ವ ಕೋಂ ಕಲ್ಲಪ್ಪ ಇವಳ ಬಳಿ ಗುರುತು" ಅಂತಿದೆ. ದುಂಡು ಪೂರ್ತಿ ಆಗಿಲ್ಲ. ಎಡಗಡೆಯಿಂದ ಶುರುವಾಗಿ ಸುತ್ತಿ ಬಂದ ಗೆರೆ ಮೊದಲಿನ ತುದಿಗೆ ಕೂಡದೆ ಒಳಗಡೆ ಸರಿದಿದೆ. ಶುರು ಮಾಡಿದಲ್ಲಿ ಮಸಿ ದಪ್ಪಗೆ ನಿಂತಿದೆ, ಮುಗಿಸಿದಲ್ಲಿ ತೆಳ್ಳಗಾಗಿದೆ. ಮೊದಲ ಸಲ ಲೆಕ್ಕಣಿಕೆ ಹಿಡಿದ ಕೈ ಇರಬೇಕು. ಕಾಗದ ತಿರುಗಿಸಿದರೆ 1919ರ ನೋಂದಣಿಯ ಮುದ್ರೆ, ಅದರ ಕೆಳಗೆ ಅವಳ ಹೆಬ್ಬೆಟ್ಟು. ಗೆರೆ ಗೆರೆ ಕಾಣುತ್ತದೆ. ನಮ್ಮ ಮನೆಯಲ್ಲಿ ಅವಳ ಫೋಟೋ ಇಲ್ಲ, ಒಡವೆ ಇಲ್ಲ, ಸೀರೆಯ ಚೂರೂ ಇಲ್ಲ. ಆ ಹೆಬ್ಬೆಟ್ಟು ಇದೆ.

ಹೆಬ್ಬೆಟ್ಟಿನ ಪಕ್ಕದಲ್ಲಿ ಇವಳನ್ನು ಗುರುತಿಸಿದವರು ಅಂತ ಇಬ್ಬರ ಹೆಸರು. ಒಬ್ಬ ನಮ್ಮೂರಿನವನು. ಇನ್ನೊಬ್ಬನ ಮುಂದೆ ಅವಳ ಅಣ್ಣ ಅಂತ ಬರೆದು, ಊರಿನ ಹೆಸರು ಕೊಟ್ಟು, ಸಂಸ್ಥಾನ ಸಾಂಗ್ಲಿ ಅಂತ ಸೇರಿಸಿದೆ. ಶಿರಹಟ್ಟಿಗೆ ಹತ್ತಿರದ ಹಳ್ಳಿ. ಹಳೇ ಕಾಗದ ಓದುವವರು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರು ನೋಡಿ ಮುಚ್ಚಿಡುತ್ತಾರೆ. ಸಾಕ್ಷಿಗಳನ್ನು ಓದಿ. ಹೆಣ್ಣುಮಕ್ಕಳ ತವರು ಅಲ್ಲಿ ಸಿಗುತ್ತದೆ. ಕಷ್ಟಕ್ಕೆ ಅಣ್ಣ ತಮ್ಮಂದಿರೇ ಬಂದು ನಿಂತಿರುತ್ತಾರೆ.

ಆಮೇಲಿನ ಎಂಟ್ರಿ 1921ರದು. ಅದನ್ನು ಓದಿದ ಮೇಲೆ ನಮ್ಮ ಮನೆಯವರು ಅವಳನ್ನು ಯಾಕೆ ಸಾಯಿಸಿಬಿಟ್ಟಿದ್ದರು ಅಂತ ತಿಳಿಯಿತು. "ಮೈನರ್ ಪಾಲಕಿ ಫಕ್ಕೀರವ್ವ ಇವಳು ಉಡಿಕಿ ಆಗಿ ಹೋದ್ದರಿಂದ ಇವಳ ಹೆಸರು ಕಮಿ ಮಾಡಿ" ಮಕ್ಕಳ ದೊಡ್ಡಪ್ಪನ ಹೆಸರು ಹಚ್ಚಿದೆ.

ಉಡಿಕಿ, ಅಂದರೆ ಮರುಮದುವೆ, ನಮ್ಮವರಲ್ಲಿ ಇದ್ದದ್ದೇ. ಗಂಡ ಸತ್ತವಳು, ಗಂಡ ಬಿಟ್ಟವಳು ಇನ್ನೊಂದು ಮನೆ ಸೇರಬಹುದಿತ್ತು. ಮದುವೆಯ ಸಡಗರ ಇರುತ್ತಿರಲಿಲ್ಲ, ಅಷ್ಟೇ. ಆದರೆ ಅದಕ್ಕೆ ಬೆಲೆ ಇತ್ತು. 1856ರ ವಿಧವಾ ಪುನರ್ವಿವಾಹ ಕಾಯ್ದೆಯನ್ನು ಶಾಲೆಯಲ್ಲಿ ಸಮಾಜ ಸುಧಾರಣೆ ಅಂತ ಓದಿದ್ದೆವು. 1983ರಲ್ಲಿ ರದ್ದಾದ ಅದೇ ಕಾಯ್ದೆಯಲ್ಲಿ ಇನ್ನೊಂದು ಕಲಮು ಇತ್ತು. ಮರುಮದುವೆ ಆದ ಕೂಡಲೇ ಮೊದಲ ಗಂಡನ ಆಸ್ತಿಯಲ್ಲಿ ಆಕೆಗಿರುವ ಹಕ್ಕು, ಆಕೆ ಸತ್ತೇ ಹೋದಳೋ ಅನ್ನುವ ಹಾಗೆ ಮುಗಿಯುತ್ತಿತ್ತು. ಕಾಯ್ದೆಯ ಮಾತೇ ಹಾಗಿತ್ತು. ಮಕ್ಕಳ ಪಾಲನೆಯನ್ನು ಗಂಡನ ಕಡೆಯವರು ಕೋರ್ಟಿನಲ್ಲಿ ಕೇಳಿ ತೆಗೆದುಕೊಳ್ಳಬಹುದು ಅಂತ ಮತ್ತೊಂದು ಕಲಮು ಇತ್ತು. ನಮ್ಮ ಮನೆ ಕೋರ್ಟಿನ ತನಕ ಹೋಗಿರಲಿಕ್ಕಿಲ್ಲ. ಹುಡುಗರು ಮನೆಯಲ್ಲೇ ಉಳಿದರು, ಆಕೆ ಹೋದಳು. ಅಜ್ಜನಿಗೆ ಆಗ ಒಂಬತ್ತು ವರ್ಷ, ತಮ್ಮನಿಗೆ ನಾಲ್ಕು. ಊರಿನ ಶಾಲೆಯ ಜನರಲ್ ರಿಜಿಸ್ಟರಿನಲ್ಲಿ ಅಜ್ಜನ ಹೆಸರಿನ ಮುಂದೆ ಪಾಲಕ ಅಂತ ದೊಡ್ಡಪ್ಪನ ಹೆಸರಿದೆ. ತಾಯಿಯ ಹೆಸರಿಗೆ ಆಗ ಕಾಲಮ್ಮೇ ಇರಲಿಲ್ಲ.

ಅವಳಿಗೆ ಆಗ ಮೂವತ್ತೂ ಆಗಿರಲಿಕ್ಕಿಲ್ಲ. ಮಕ್ಕಳನ್ನು ಬಿಟ್ಟು ಹೋದಳು ಅಂತ ಯಾರಾದರೂ ಅಂದರೆ ನಾನು ಆ ಗಹಾಣದ ಕಾಗದ ತೋರಿಸುತ್ತೇನೆ. ಹೊಲ ಹೋಗದ ಹಾಗೆ ಉಳಿಸಿ ಹೋಗಿದ್ದಾಳೆ. ನಾವೆಲ್ಲ ಉಂಡದ್ದು ಆ ಹೊಲದ ಜೋಳ.

ಕಾಗದ ಇಲ್ಲಿಗೆ ಮುಗಿಯಿತು. ಮುಂದಿನದಕ್ಕೆ ಕಾಲು ಬೇಕಾಯಿತು. ಅವಳ ಅಣ್ಣನ ಊರಿಗೆ ಹೋದೆ. ದೇವಸ್ಥಾನದ ಕಟ್ಟೆಯ ಮೇಲೆ ಕೂತಿದ್ದವರಿಗೆ ಅಣ್ಣನ ಹೆಸರು ಹೇಳಿದರೆ ತಟ್ಟನೆ ತಿಳಿಯಲಿಲ್ಲ. ಆ ಮನೆತನದ ಅಡ್ಡಹೆಸರೇ ಬದಲಾಗಿತ್ತು. ನಮ್ಮ ಕಡೆ ಇದು ಮಾಮೂಲು. ಒಬ್ಬ ಹೊಸ ಮನೆ ಕಟ್ಟಿದ ಅಂದರೆ ಅವನ ಮಕ್ಕಳು ಹೊಸಮನಿ ಆಗುತ್ತಾರೆ, ಉಳಿದ ಅಣ್ಣ ತಮ್ಮಂದಿರು ಹಳೇಮನಿ. ಅಂಗಡಿ ಇಟ್ಟವನು ಅಂಗಡಿ. ಅಡ್ಡಹೆಸರು ಹಿಡಿದು ಹುಡುಕಿದರೆ ಎರಡನೇ ತಲೆಮಾರಿಗೇ ದಾರಿ ಮುಚ್ಚಿಹೋಗುತ್ತದೆ. ನಾನು ಬೆಡಗು ಮತ್ತು ಮನೆದೇವರು ಕೇಳಿದೆ. ಗಹಾಣ ಪತ್ರದ ಸಾಕ್ಷಿಯ ಅಪ್ಪನ ಹೆಸರನ್ನೂ ಹೇಳಿದೆ. ಒಬ್ಬ ಹಿರಿಯರು ಎದ್ದು ಒಂದು ಮನೆಗೆ ಕರೆದುಕೊಂಡು ಹೋದರು.

ಆ ಮನೆಯಲ್ಲಿ ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ ಇದ್ದರು. ಫಕ್ಕೀರವ್ವನ ಅಣ್ಣನ ಮೊಮ್ಮಗನ ಹೆಂಡತಿ. ಹದಿನಾಲ್ಕನೇ ವಯಸ್ಸಿಗೆ ಸೊಸೆಯಾಗಿ ಬಂದವರು. ಕಣ್ಣು ಮಂಜು, ಕಿವಿ ಚೆನ್ನಾಗಿದೆ. ನಾನು ಯಾರು ಅಂತ ಹೇಳಿದೆ.

"ಫಕ್ಕೀರವ್ವಾಯಿ ಮರಿಮಗಳೇನ ತಂಗೀ ನೀ?"

"ಹೌದ್ರಿ ಆಯಿ. ನಮ್ಮ ಮನ್ಯಾಗ ಆಕಿ ಹೆಸರ ಯಾರಿಗೂ ಗೊತ್ತಿದ್ದಿಲ್ರಿ."

"ಯಾರು ಹೇಳ್ಬೇಕವ್ವಾ. ಗಂಡಸರು ಸಿಟ್ಟ ಮಾಡಿದ್ರ ಹೆಸರ ನುಂಗ್ತಾರ."

ಅವರು ಸೊಸೆಯಾಗಿ ಬಂದಾಗ ಫಕ್ಕೀರವ್ವ ಬದುಕಿದ್ದಳು. ಪ್ರತಿ ವರ್ಷ ಪಂಚಮಿಗೆ ತವರಿಗೆ ಬರುತ್ತಿದ್ದಳಂತೆ. ಎಳ್ಳುಂಡಿ, ಶೇಂಗಾದುಂಡಿ, ತಂಬಿಟ್ಟಿನುಂಡಿ ಕಟ್ಟಿದ ಮೇಲೆ ಒಂದು ಸಣ್ಣ ಗಂಟು ಬೇರೆ ಮಾಡುತ್ತಿದ್ದಳು. ಗದಗಿನ ಸಂತೆಗೆ ಹೋಗುವ ಬಂಡಿಯವರ ಕೈಯಲ್ಲಿ ಕಳಿಸುತ್ತಿದ್ದಳು. ಮಕ್ಕಳು ದೊಡ್ಡವರಾಗಿ, ಅವರಿಗೂ ಮಕ್ಕಳಾದ ಮೇಲೂ ಕಳಿಸುವುದು ನಿಂತಿರಲಿಲ್ಲ. ಗಂಟು ಮುಟ್ಟುತ್ತಿತ್ತೇ ಅಂತ ಕೇಳಿದೆ. ಒಮ್ಮೆ ಬಂಡಿಯವನು ಖಾಲಿ ಅರಿವೆ ವಾಪಸ್ ತಂದುಕೊಟ್ಟಿದ್ದನಂತೆ, ತೊಳೆದು ಮಡಚಿದ ಅರಿವೆ. ಅದನ್ನು ಫಕ್ಕೀರವ್ವ ತನ್ನ ಸೀರೆಯ ಗಂಟಿನಲ್ಲಿ ಇಟ್ಟುಕೊಂಡಿದ್ದಳು ಅಂತ ಅಜ್ಜಿ ಹೇಳಿದರು. ಯಾರು ತೊಳೆದು ಕಳಿಸಿದರೋ. ನನ್ನ ಅಜ್ಜಿ ಇರಬಹುದು. ಮನೆಯಲ್ಲಿ ಹಾಗೆಲ್ಲ ಮಡಚುವವಳು ಅವಳೇ.

ಇನ್ನೊಂದು ವಿಷಯವನ್ನೂ ಅವರು ಹೇಳಿದರು. ಎರಡನೇ ಮನೆಯಲ್ಲಿ ಫಕ್ಕೀರವ್ವನಿಗೆ ಒಬ್ಬಳು ಮಗಳು ಹುಟ್ಟಿದ್ದಳು. ಅಂದರೆ ನನ್ನ ಅಜ್ಜನಿಗೆ ಒಬ್ಬಳು ತಂಗಿ ಇದ್ದಳು. ಇದನ್ನು ಫೋನಿನಲ್ಲಿ ಹೇಳಿದಾಗ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಂಗಾದ್ರ ನಮಗ ಒಬ್ಬಾಕಿ ಸ್ವಾದರತ್ತಿ ಇದ್ಲಲ್ಲ" ಅಂದ.

ಹೆಳವರು ಮತ್ತೆ ಬಂದಾಗ ಕಾಗದಗಳ ಝೆರಾಕ್ಸ್ ಅವರ ಮುಂದೆ ಇಟ್ಟೆ. ಕಲ್ಲಪ್ಪನ ಹೆಸರಿನ ಪಕ್ಕದಲ್ಲಿ ಫಕ್ಕೀರವ್ವನ ಹೆಸರು, ತವರೂರು ಬರೆಯಬೇಕು ಅಂದೆ. ಪದ್ಧತಿ ಇಲ್ಲ ಅಂತ ಮತ್ತೆ ಅಂದರು. ಕಾಕಾ ನನ್ನ ಪರವಾಗಿ ನಿಂತ. ಹೆಳವರು ಕಾಗದವನ್ನು ಪೂರ್ತಿ ಓದಿದರು, ಬಳೆ ಗುರುತಿನ ಮೇಲೆ ಬೆರಳಾಡಿಸಿದರು, ಆಮೇಲೆ ಪೆನ್ನು ತೆಗೆದರು. ನಮ್ಮ ಅಜ್ಜಿ, ಅವ್ವ, ಅತ್ತೆಯಂದಿರು, ನನ್ನ ಹೆಸರು, ನನ್ನ ಮಗಳ ಹೆಸರು, ಎಲ್ಲವನ್ನೂ ಬರೆಸಿದ್ದೇನೆ. ನಿಮ್ಮ ಮನೆಗೆ ಹೆಳವರು ಬಂದರೆ ನೀವೂ ಕೇಳಿ. ಒಪ್ಪದಿದ್ದರೆ ಗಟ್ಟಿಯಾಗಿ ಕೇಳಿ.

ಈಗ ನಾನು ಹುಡುಕುತ್ತಿರುವುದು ಆ ಮಗಳನ್ನು. ಸುಮಾರು 1923ರಿಂದ 1928ರ ನಡುವೆ ಹುಟ್ಟಿರಬೇಕು. ಲಕ್ಷ್ಮೇಶ್ವರದ ಕಡೆ ಕೊಟ್ಟಿದ್ದರು ಅಂತ ಅಜ್ಜಿಗೆ ನೆನಪು, ಊರು ನೆನಪಿಲ್ಲ. ಹಾಗಾದರೆ ಮದುವೆಯ ಹೊತ್ತಿಗೆ ಅದು ಮೀರಜ ಸಂಸ್ಥಾನ. ಫಕ್ಕೀರವ್ವನ ಎರಡನೇ ಗಂಡನ ಊರು ಮಾತ್ರ ಗೊತ್ತಾಗಿದೆ. 1948ರ ನಂತರದ ಡೈರಿಯಲ್ಲಿ ಅವನ ವಾರಸಾ ಎಂಟ್ರಿ ಸಿಕ್ಕರೆ ಮಗಳ ಹೆಸರೂ, ಕೊಟ್ಟ ಊರೂ ಸಿಗುವ ಸಾಧ್ಯತೆ ಇದೆ. ನಕಲಿಗೆ ಅರ್ಜಿ ಕೊಟ್ಟಿದ್ದೇನೆ. ಸಂಸ್ಥಾನದ ಕಾಲದ ಕಾಗದ ಏನಾದರೂ ಸಿಕ್ಕರೆ ಓದಲು ಬರಬೇಕಲ್ಲ ಅಂತ ಭಾನುವಾರ ಮೋಡಿ ಅಕ್ಷರ ಕಲಿಯುತ್ತಿದ್ದೇನೆ. ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಮುತ್ತಜ್ಜಿಗೆ ಗದಗ ಕಡೆ ಇಬ್ಬರು ಅಣ್ಣಂದಿರು ಇದ್ದರು, ಆದರೆ ಹೋಗಿ ಬಂದು ಇರಲಿಲ್ಲ ಅಂತ ಎಲ್ಲಾದರೂ ಕೇಳಿದ್ದರೆ, ದಯವಿಟ್ಟು ಬರೆಯಿರಿ. ಅವಳ ಅವ್ವನ ಹೆಸರು ಫಕ್ಕೀರವ್ವ.